ಮಳೆಗಾಲದ ಮೂರು ಗೆರೆ

ಬುದ್ಧನನ್ನು ಎಕ್ಸ್‌ರೇ ಮೇಜಿನ ಮೇಲೆ ಮಲಗಿಸಿದಾಗ, ಹೊರಗೆ ಸರದಿ ಕಾಯುತ್ತಿದ್ದ ಲ್ಯಾಬ್ರಡಾರ್ ನಾಯಿ ಒಂದೇ ಸಲ ಬೊಗಳಿ ಸುಮ್ಮನಾಯಿತು.

"ಅಲುಗಾಡಲ್ಲ, ಕಚ್ಚಲ್ಲ. ಇಷ್ಟು ಒಳ್ಳೇ ಪೇಷೆಂಟು ನನಗೆ ಈ ವರ್ಷ ಸಿಕ್ಕಿಲ್ಲ ಅಕ್ಕ," ಎಂದ ಪಶುವೈದ್ಯ ಮಯೂರ್.

ಕಲ್ಯಾಣಿಗೆ ನಗು ಬರಲಿಲ್ಲ. ಬನಶಂಕರಿಯ ಆ ಪುಟ್ಟ ಕ್ಲಿನಿಕ್ಕಿನ ಗೋಡೆ ಗಡಿಯಾರ ಎರಡೂಕಾಲು ತೋರಿಸುತ್ತಿತ್ತು. ಐದಕ್ಕೆ ಇಟ್ಟಮಡುವಿನ ಬುದ್ಧ ವಿಹಾರದಲ್ಲಿ ಕಮಿಟಿ ಸೇರುತ್ತದೆ. ಸೇರಿ, ಕಲ್ಲುಕೆಲಸದ ಮೌನೇಶನ ಮೇಲೆ ಪೊಲೀಸ್ ಕಂಪ್ಲೇಂಟಿಗೆ ಸಹಿ ಹಾಕುತ್ತದೆ. ಅವನು ಕಳ್ಳನೋ ಅಲ್ಲವೋ ಎಂದು ಹೇಳುವುದಕ್ಕೆ ಅವಳ ಬಳಿ ಉಳಿದದ್ದು ಎರಡೂಮುಕ್ಕಾಲು ಗಂಟೆ, ಮತ್ತು ಒಂದು ಮೊಳ ಎತ್ತರದ ಈ ಬಳಪದ ಕಲ್ಲಿನ ಮೂರ್ತಿ.

ಮೂರ್ತಿಯ ಮೈತುಂಬ ತೂತು. ಹಿಂದಿನ ಡಿಸೆಂಬರಿನಲ್ಲಿ ಕರಾವಳಿಯ ಮೀನುಗಾರರ ಬಲೆಗೆ ಸಿಕ್ಕಿತ್ತು. ಪೀಠದ ಕೆಳಗೆ ಕೆತ್ತಿದ 'ಇಟ್ಟಮಡು 2016' ಎಂಬ ಅಕ್ಷರ ನೋಡಿ ಯಾರೋ ಫೋಟೋ ಹಾಕಿದರು. ಅದು ಫೋನಿನಿಂದ ಫೋನಿಗೆ ಹಾರಿ ವಿಹಾರದ ಗುಂಪಿಗೇ ಬಂದು ಬಿತ್ತು. 'ಇದೇನ್ರಪ್ಪಾ, ನಮ್ಮ ಬುದ್ಧ ನಮ್ಮ ಹತ್ರಾನೇ ಇದ್ದಾನಲ್ಲ' ಎಂದುಕೊಂಡೇ ಜನ ಓಡಿ ಗಂಟು ಬಿಚ್ಚಿದ್ದರು.

ಗಂಟು ಎಂದರೆ ಅಲ್ಲಿನ ಪದ್ಧತಿ. ಶೀಟಿನ ಸೂರು ಹೋಗಿ ಸ್ವಂತ ತಾರಸಿ ಬೀಳುವವರೆಗೆ ಮೂರ್ತಿಯ ಮುಖ ತೆರೆಯಬಾರದು ಎಂದು ಅವರು ಮೊದಲ ವರ್ಷವೇ ಸಂಕಲ್ಪ ಮಾಡಿದ್ದರು. ಪ್ರತಿ ಬುದ್ಧ ಪೂರ್ಣಿಮೆಗೆ ಒಂದೊಂದು ಮನೆಯವರು ಹೊಸ ಬಿಳಿ ಬಟ್ಟೆ ತಂದು ಹಳೆಯದರ ಮೇಲೇ ಸುತ್ತುತ್ತಿದ್ದರು. ಹಳೆಯದನ್ನು ಬಿಚ್ಚಿದರೆ ಇನ್ನೊಬ್ಬರ ದಾನವನ್ನು ಕಿತ್ತುಹಾಕಿದ ಹಾಗೆ. ಹೀಗಾಗಿ ಎಂಟು ವರ್ಷ ಯಾರೂ ಒಳಗೇನಿದೆ ಎಂದು ನೋಡಿರಲಿಲ್ಲ. ನೋಡಿದಾಗ ಇದ್ದದ್ದು ಒಂದು ಹಳೇ ರುಬ್ಬುಗುಂಡು.

ಅಲ್ಲಿಗೆ ಎಲ್ಲರ ಬೆರಳೂ ಮೌನೇಶನ ಕಡೆ ತಿರುಗಿತು. ಯಾದಗಿರಿ ಕಡೆಯಿಂದ ಬಂದು ಬಿಟಿಎಂನಲ್ಲಿ ಬಾಡಿಗೆಗಿದ್ದವನು. ಪಕ್ಕದಲ್ಲಿ ಏಳುತ್ತಿದ್ದ ಹೊಸ ಸಭಾಂಗಣದಲ್ಲಿ ಮೂರ್ತಿಗೆ ಗೂಡು ಕಟ್ಟಲು ಒಂದು ವರ್ಷದಿಂದ ವಿಹಾರದ ಬೀಗದಕೈ ಅವನ ಹತ್ತಿರವಿತ್ತು. ನವೆಂಬರಿನಲ್ಲಿ ಅವನು ಯಾವುದೋ ರೆಸಾರ್ಟಿಗೆ ನೆಲಹಾಸು ಹಾಕಲು ಕರಾವಳಿಗೂ ಹೋಗಿದ್ದ.

"ಕೀ ಅವನ ಹತ್ರ. ಸಮುದ್ರಕ್ಕೆ ಹೋದವನೂ ಅವನೇ. ಗಿರಾಕಿ ಸಿಗದೆ ಹೆದರ್ಕೊಂಡು ನೀರಿಗೆ ಎಸೆದಿದಾನೆ. ಇನ್ನೇನು ಬೇಕು ಮೇಡಂ ನಿಮಗೆ?" ಎಂದಿದ್ದ ಕಮಿಟಿಯ ಕಾರ್ಯದರ್ಶಿ ಪ್ರಮೋದ್.

ಇದನ್ನು ಒಪ್ಪದವರು ಒಬ್ಬರೇ ಒಬ್ಬರು. ವಿಹಾರದ ಹಿರಿಯ ಮಾರಯ್ಯ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ಆ ಮುದುಕರು ಹತ್ತು ದಿನದ ಹಿಂದೆ ಜಯನಗರದ ಒಂಬತ್ತನೇ ಬ್ಲಾಕಿನಲ್ಲಿರುವ ಕಲ್ಯಾಣಿಯ ಆಫೀಸಿನ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಒಂದೇ ಮಾತು ಹೇಳಿದ್ದರು.

"ಆ ಹುಡುಗ ಕದ್ದಿಲ್ಲಮ್ಮ. ನನಗೆ ಗೊತ್ತು."

ಕಲ್ಯಾಣಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಪಕ್ಕದಲ್ಲಿ 'ನಂಬಿಕೆ. ಸಾಕ್ಷಿಯಲ್ಲ' ಎಂದು ಸೇರಿಸಿದ್ದಳು.

ಅವಳ ನೋಟ್‌ಬುಕ್ಕಿನ ಕೊನೆಯ ಪುಟ ಯಾವಾಗಲೂ ಒಂದೇ ಪ್ರಶ್ನೆಗೆ ಮೀಸಲು: ನಾನು ತಪ್ಪಾಗಿದ್ದರೆ? ಹಗಲು ಟೈಪಿಸ್ಟ್ ಕೆಲಸ ಮಾಡಿ ಸಂಜೆ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದವಳು ಅವಳು. ಹಗಲು ಓದಿದವರಿಗೆ ಗೊತ್ತಿರುವುದು ಏನೋ ಒಂದು ತನಗೆ ತಪ್ಪಿಹೋಗಿದೆ ಎಂಬ ಅಳುಕು ನಲವತ್ತೊಂದರ ವಯಸ್ಸಿನಲ್ಲೂ ಬಿಟ್ಟಿರಲಿಲ್ಲ. ಮದುವೆ ಗಂಡುಗಳ ಪೂರ್ವಾಪರ ವಿಚಾರಿಸುವ ಪತ್ತೇದಾರಿಣಿಗೆ ಸಮುದ್ರದ ಗೊಡವೆ ಏಕೆ ಎಂದು ಮೂರು ರಾತ್ರಿ ಹೊರಳಾಡಿ, ಕೊನೆಗೆ ಸಂಜೆ ಕಾಲೇಜಿನಲ್ಲಿ ತನಗೆ ಪಾಠ ಹೇಳಿದ ಉಮಾಶ್ರೀ ಮೇಡಂ ಅವರ ಬಿಳೇಕಹಳ್ಳಿ ಮನೆ ಹುಡುಕಿಕೊಂಡು ಹೋಗಿದ್ದಳು. ಮೇಡಂ ಹತ್ತು ವರ್ಷ ಕಾರವಾರದ ಬಂಡೆಗಳ ಮೇಲೆ ಕೂತು ಚಿಪ್ಪು ಎಣಿಸಿದವರು.

ಈಗ ಮೇಡಂ ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದರು. ಬುದ್ಧನ ಎದೆ, ತೊಡೆ, ಬೆನ್ನೊಳಗೆಲ್ಲ ಸಣ್ಣ ಸಣ್ಣ ಹೂಜಿಗಳು ಮೂಡಿದ್ದವು. ಕತ್ತು ಸಪೂರ, ಹೊಟ್ಟೆ ದಪ್ಪ.

"ಕಲ್ಲುಕೊರಕನ ಮನೆ," ಎಂದರು ಮೇಡಂ, ಹಳೆಯ ನೆಂಟರನ್ನು ಕಂಡವರ ಹಾಗೆ. "ಮರಿ ಬಂದು ಕಲ್ಲಿನ ಮೇಲೆ ಕೂರುವಾಗ ಸಾಸಿವೆಗಿಂತ ಸಣ್ಣದು. ಚಿಪ್ಪಿನ ಅಂಚಲ್ಲಿ ಹಲ್ಲಿರತ್ತೆ. ಆ ಕಡೆ ಈ ಕಡೆ ತಿರುಗಿ ಉಜ್ಜಿ ಉಜ್ಜಿ ಒಳಗೆ ಹೋಗತ್ತೆ. ಒಳಗೇ ಬೆಳೆಯತ್ತೆ. ಬೆಳೆದ ಮೇಲೆ, ಬಂದ ಬಾಗಿಲಿಂದ ಆಚೆ ಬರೋಕಾಗಲ್ಲ."

"ಹಾಗಾದ್ರೆ ಜೈಲು."

"ಜೈಲೂ ಅದೇ, ಬಾಣಂತಿ ಕೋಣೆನೂ ಅದೇ. ಬಾಗಿಲಿಂದ ಮೊಟ್ಟೆಗಳನ್ನ ನೀರಿಗೆ ಚೆಲ್ಲತ್ತೆ. ಗಂಡು ಪಕ್ಕದ ಮನೆಯಿಂದ ತನ್ನದನ್ನ ಚೆಲ್ಲತ್ತೆ. ಒಬ್ಬರ ಮುಖ ಒಬ್ಬರು ನೋಡಲ್ಲ. ಮಕ್ಕಳು ಕೆಲವು ವಾರ ಸಮುದ್ರ ಸುತ್ತಿ, ಮೆತ್ತನೆ ಕಲ್ಲು ಸಿಕ್ಕಿದ ಕಡೆ ಸಂಸಾರ ಹೂಡ್ತವೆ."

"ನೀವು ವಿಚಾರಿಸೋ ಗಂಡುಗಳಿಗಿಂತ ವಾಸಿ ಬಿಡಿ ಅಕ್ಕ," ಎಂದು ಮಯೂರ್ ನಗುತ್ತಾ ಲ್ಯಾಬ್ರಡಾರನ್ನು ಒಳಗೆ ಕರೆದ.

ಬಲೆಯ ಕಬ್ಬಿಣ ತಗುಲಿ ಪೀಠದ ಒಂದು ಮೂಲೆ ಮುರಿದಿತ್ತು. ಅಲ್ಲಿಂದ ಮೂರು ಚಿಪ್ಪುಗಳನ್ನು ಮೇಡಂ ಬಿಡಿಸಿ ಹತ್ತಿಯ ಮೇಲೆ ಇಟ್ಟಿದ್ದರು. ಒಂದು ಖರ್ಜೂರದಷ್ಟು, ಒಂದು ಗೋಡಂಬಿಯಷ್ಟು, ಒಂದು ಹುಣಸೆಬೀಜದಷ್ಟು. ಭೂತಗನ್ನಡಿಯನ್ನು ಕಲ್ಯಾಣಿಯ ಕೈಗೆ ಕೊಟ್ಟರು.

"ದೊಡ್ಡದರ ಬೆನ್ನು ನೋಡು. ಗಾಢವಾದ ಗೆರೆ ಎಷ್ಟಿದೆ?"

ಕಲ್ಯಾಣಿ ಎಣಿಸಿದಳು. ಮತ್ತೆ ಎಣಿಸಿದಳು. "ಮೂರು."

"ನಮ್ಮ ಕರಾವಳೀಲಿ ಮಳೆಗಾಲ ಬಂದ್ರೆ ಹೊಳೆಗಳೆಲ್ಲ ಸಮುದ್ರಕ್ಕೆ ನುಗ್ತವೆ. ಉಪ್ಪುನೀರು ಸಪ್ಪೆಯಾಗತ್ತೆ. ಇದು ಬಾಯಿ ಮುಚ್ಕೊಂಡು, ಬೆಳೆಯೋದನ್ನೇ ನಿಲ್ಲಿಸಿ ಕೂತ್ಬಿಡತ್ತೆ. ಆ ನಿಂತ ಗುರುತೇ ಈ ಗೆರೆ. ಒಂದು ಮಳೆಗಾಲ, ಒಂದು ಗೆರೆ."

ಗೋಡಂಬಿಗೆ ಎರಡು ಗೆರೆ. ಹುಣಸೆಬೀಜಕ್ಕೆ ಒಂದು.

ಕಲ್ಯಾಣಿ ಮನಸ್ಸಿನಲ್ಲೇ ವರ್ಷ ಲೆಕ್ಕ ಹಾಕಿದಳು. ಆದರೂ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದಳು. "ಮೇಡಂ, ತಪ್ಪಾಗಿದ್ರೆ? ಬೇರೆ ಏನೋ ಕಾರಣಕ್ಕೂ ಗೆರೆ ಬೀಳಬಹುದಲ್ಲ?"

"ಬೀಳಬಹುದು. ಸೆಕೆ ಜಾಸ್ತಿಯಾದ್ರೂ ಬೀಳತ್ತೆ, ಮೊಟ್ಟೆ ಇಟ್ಟು ಸುಸ್ತಾದಾಗಲೂ ತೆಳ್ಳಗೊಂದು ಗೆರೆ ಬೀಳತ್ತೆ. ಅದಕ್ಕೇ ಬರೀ ಗೆರೆ ನಂಬಬಾರದು, ನಿನ್ನ ಅನುಮಾನ ಸರಿ," ಎಂದರು ಮೇಡಂ. ಆ ಮಾತಿಗೇ ಕಲ್ಯಾಣಿಗೆ ಅರ್ಧ ಜೀವ ಬಂತು. "ಅದಕ್ಕೇ ಎಕ್ಸ್‌ರೇ ತೆಗೆಸಿದ್ದು. ಈ ಹೂಜಿಗಳನ್ನೆಲ್ಲ ಅಳತೆ ಮಾಡು."

ಸ್ಕೇಲು ಹಿಡಿದು ಅಳೆದಳು. ನಲವತ್ತೇಳು ಹೂಜಿಗಳು. ಒಂದು ಗಂಟೆ ಹಿಡಿಯಿತು. ಎಲ್ಲವೂ ಖರ್ಜೂರದ ಗುಂಪು, ಗೋಡಂಬಿಯ ಗುಂಪು, ಹುಣಸೆಬೀಜದ ಗುಂಪು. ನಡುವಿನ ಗಾತ್ರದ್ದು ಒಂದೂ ಇಲ್ಲ. ಅವು ಬಿಟ್ಟರೆ ಮೇಲ್ಮೈಯಲ್ಲಿ ಸೂಜಿಮೊನೆಯಂಥ ಚುಕ್ಕೆಗಳು ಮಾತ್ರ.

"ವರ್ಷವಿಡೀ ಮರಿ ಹಾಕೋ ಜಾತಿಯಾಗಿದ್ರೆ ಎಲ್ಲಾ ಗಾತ್ರದ್ದೂ ಇರ್ಬೇಕಿತ್ತು," ಎಂದರು ಮೇಡಂ. "ಈ ಜಾತಿ ಹಾಗಲ್ಲ. ಮಳೆ ನಿಂತು, ನೀರಿಗೆ ಮತ್ತೆ ಉಪ್ಪು ಹತ್ತಿದ ಮೇಲೆ, ಅಕ್ಟೋಬರ್ ನವೆಂಬರಲ್ಲಿ ಒಂದೇ ಸಲ. ಆ ಚುಕ್ಕೆಗಳು ಕಳೆದ ವರ್ಷಾಂತ್ಯದ ಕೂಸುಗಳು. ಹುಣಸೆಬೀಜ 2023ರದ್ದು. ಗೋಡಂಬಿ 2022. ಖರ್ಜೂರ..."

"2021ರ ಅಕ್ಟೋಬರ್," ಎಂದಳು ಕಲ್ಯಾಣಿ.

"ಅದಕ್ಕಿಂತ ದೊಡ್ಡ ಮನೆ ಒಂದೂ ಇಲ್ಲ. ಚಿಪ್ಪು ಸತ್ತರೂ ಮನೆ ಉಳಿಯತ್ತೆ, ಆದ್ದರಿಂದ ಇದ್ದಿದ್ರೆ ಕಾಣಿಸ್ತಿತ್ತು. ಅಂದ್ರೆ 2020ರ ಮರಿಗಳು ಬಂದಾಗ ಈ ಕಲ್ಲು ನೀರಲ್ಲಿ ಇರಲಿಲ್ಲ. 2021ರ ಮರಿಗಳು ಬಂದಾಗ ಇತ್ತು."

"ಕೆತ್ತೋಕೆ ಮುಂಚೆಯೇ ಕಲ್ಲು ಸಮುದ್ರದಲ್ಲಿ ಇದ್ದಿದ್ರೆ?"

ಮೇಡಂ ಮೂರ್ತಿಯನ್ನು ಮಗ್ಗುಲಿಗೆ ತಿರುಗಿಸಿದರು. 'ಇಟ್ಟಮಡು 2016'ರ ಸೊನ್ನೆಯ ಒಂದು ಅಂಚನ್ನು ಸೀಳಿಕೊಂಡು ಒಂದು ತೂತು ಒಳಗೆ ಹೋಗಿತ್ತು. ಮೊದಲು ಅಕ್ಷರ, ಆಮೇಲೆ ಚಿಪ್ಪು.

ಮೌನೇಶ ಬೆಂಗಳೂರಿಗೆ ಮೊದಲ ಸಲ ಕಾಲಿಟ್ಟದ್ದು 2023ರ ಜೂನಿನಲ್ಲಿ.

ಕಲ್ಯಾಣಿ ಸ್ಟೂಲಿನ ಮೇಲೆ ಕೂತಳು. ಬೆಳಗ್ಗೆಯಿಂದ ಏನೂ ತಿಂದಿಲ್ಲ ಎಂಬುದು ಆಗ ನೆನಪಾಯಿತು. ಮಯೂರ್ ಕೊಟ್ಟ ಬೆಣ್ಣೆ ಬಿಸ್ಕತ್ತನ್ನು, ಅದು ನಾಯಿಯದೋ ಮನುಷ್ಯರದೋ ಎಂದೂ ಕೇಳದೆ, ಎರಡು ತಿಂದಳು.

*

ಕತ್ರಿಗುಪ್ಪೆಯ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಡ್ರೈವರ್ ಕನ್ನಡಿಯಲ್ಲಿ ನೋಡಿ, "ದೇವರಾ ಮೇಡಂ?" ಎಂದು ಕೇಳಿದ.

"ಸಾಕ್ಷಿ," ಎಂದಳು ಕಲ್ಯಾಣಿ, ಮಡಿಲಲ್ಲಿದ್ದ ಬುದ್ಧನನ್ನು ಇನ್ನಷ್ಟು ಅವುಚಿಕೊಂಡು.

ವಿಹಾರದ ಶೀಟಿನಡಿ ಆಗಲೇ ಜನ ಸೇರಿತ್ತು. ಬಾಗಿಲ ಪಕ್ಕದಲ್ಲಿ ಮೌನೇಶ ತಲೆ ತಗ್ಗಿಸಿ ನಿಂತಿದ್ದ. ಅವನ ತಾಯಿ ಯಲ್ಲವ್ವ ಊರಿಂದ ಕಟ್ಟಿಕೊಂಡು ಬಂದ ರೊಟ್ಟಿಯ ಗಂಟನ್ನು ಬಿಚ್ಚದೆ ತೊಡೆಯ ಮೇಲೆ ಇಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ಮಾರಯ್ಯ ಮೂಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು. ಅವರ ತಲೆಯ ಮೇಲಿನ ಗೋಡೆಯಲ್ಲಿ 2016ರ ಫೋಟೋ: ಅವರ ಹೆಂಡತಿ ರುದ್ರಮ್ಮ ಮೂರ್ತಿಗೆ ಮೊಟ್ಟಮೊದಲ ಬಟ್ಟೆ ಸುತ್ತುತ್ತಿರುವುದು. ಬಟ್ಟೆಯ ಅಂಚಿನಲ್ಲಿ ಆಕೆಯೇ ನೀಲಿ ದಾರದಿಂದ ಹಾಕಿದ ಬೋಧಿ ಎಲೆ. ಎಲೆಯ ತುದಿ ಕೆಳಗೆ ಇಳಿಯುವ ಬದಲು ಮೇಲಕ್ಕೆ ಬಾಗಿತ್ತು. ಆಮೇಲಿನ ವರ್ಷಗಳಲ್ಲಿ ಬಟ್ಟೆ ತಂದ ಹೆಂಗಸರೆಲ್ಲ ಅದನ್ನು ನೋಡಿಯೇ ಎಲೆ ಹಾಕಿದರು. ತುದಿ ಮಾತ್ರ ಸರಿಯಾಗಿ ಕೆಳಗಿಳಿಸಿದರು. ರುದ್ರಮ್ಮ ತೀರಿಕೊಂಡು ನಾಲ್ಕು ವರ್ಷ ದಾಟಿತ್ತು.

ಗಂಟಿನಿಂದ ಬಿಚ್ಚಿದ ಬಟ್ಟೆಗಳನ್ನು ಕಲ್ಯಾಣಿ ಹೋದ ವಾರವೇ ಎಣಿಸಿದ್ದಳು. ಒಂಬತ್ತು ಇರಬೇಕಿತ್ತು. ಇದ್ದದ್ದು ಎಂಟು. ಆ ಮೊದಲ ಬಟ್ಟೆ ಇರಲಿಲ್ಲ. ಮೂರ್ತಿಯ ಜೊತೆಗೇ ನೀರು ಪಾಲಾಗಿರಬೇಕು ಎಂದು ಬರೆದುಕೊಂಡಿದ್ದಳು.

"ಮೇಡಂ, ಐದೂ ಹತ್ತು," ಎಂದ ಪ್ರಮೋದ್. ಕಂಪ್ಲೇಂಟಿನ ಹಾಳೆ ಅವನ ಕೈಯಲ್ಲಿತ್ತು. ಆಫೀಸಿನಿಂದ ಸೀದಾ ಬಂದವನು, ಕೊರಳಿನ ಐಡಿ ಕಾರ್ಡೂ ತೆಗೆದಿರಲಿಲ್ಲ. "ಸೈನ್ ಮಾಡಿ ಮುಗಿಸೋಣ. ಎಲ್ಲರಿಗೂ ನಾಳೆ ಡ್ಯೂಟಿ ಇದೆ."

"ಹತ್ತು ನಿಮಿಷ ಕೊಡಿ."

ಅವಳು ಮೂರ್ತಿಯನ್ನು ಮೇಜಿನ ಮೇಲಿಟ್ಟಳು. ಹತ್ತಿಯ ಮೇಲೆ ಮೂರು ಚಿಪ್ಪು ಇಟ್ಟಳು. ಹೇಳುತ್ತಾ ಹೋದಂತೆ ಮಾತು ತಾನಾಗಿ ದಾರಿ ಹಿಡಿಯಿತು: ಸಪ್ಪೆ ನೀರು, ನಿಂತ ಬೆಳವಣಿಗೆ, ಮಳೆ ಬಿಟ್ಟ ಮೇಲೆ ಹುಟ್ಟುವ ಮರಿ, ಮೂರು ಗಾತ್ರ. ಕೆಲವರು ಎದ್ದು ಹತ್ತಿರ ಬಂದರು.

"ಒಂದು ನಿಮಿಷ," ಎಂದ ಪ್ರಮೋದ್. "ಚಿಪ್ಪು ಹಳೇದು, ಒಪ್ಕೊಂಡೆ. ಬೀಚಲ್ಲಿ ಆರಿಸಿ ತೂತಿನೊಳಗೆ ತುರುಕಿದ್ರೆ? ನಮ್ಮನ್ನ ದಾರಿ ತಪ್ಪಿಸೋಕೆ?"

ಕಲ್ಯಾಣಿ ಖರ್ಜೂರದಂಥ ಚಿಪ್ಪನ್ನು ಅವನ ಅಂಗೈಗೆ ಹಾಕಿದಳು. ಬುದ್ಧನ ಭುಜದ ಮೇಲಿನ, ಬಟಾಣಿ ಮಾತ್ರ ಹೋಗಬಹುದಾದ ಒಂದು ತೂತು ತೋರಿಸಿದಳು. "ಇಂಥದ್ದೇ ಒಂದು ಈ ಬಾಗಿಲ ಹಿಂದೆ ಇದೆ, ಎಕ್ಸ್‌ರೇ ನೋಡಿ. ಇದನ್ನ ತುರುಕಿ ತೋರ್ಸಿ ಪ್ರಮೋದ್."

ಅವನು ನಿಜಕ್ಕೂ ಪ್ರಯತ್ನಿಸಿದ. ಉದ್ದಕ್ಕೆ ಹಿಡಿದ, ಅಡ್ಡಕ್ಕೆ ಹಿಡಿದ. ಹಿಂದಿನಿಂದ ಯಾರೋ, "ಮಗಾ, ಕುಕ್ಕರ್ ಒಳಗಿಂದ ಮುಚ್ಚಳ ಹಾಕ್ತಾರೆ ನೋಡು, ಹಂಗೆ ಟ್ರೈ ಮಾಡು," ಎಂದರು. ನಗು ಎದ್ದಿತು. ಹತ್ತು ದಿನದಲ್ಲಿ ಆ ಶೀಟಿನಡಿ ಎದ್ದ ಮೊದಲ ನಗು.

ಪ್ರಮೋದ್ ನಗಲಿಲ್ಲ. ಚಿಪ್ಪನ್ನು ಜೋಪಾನವಾಗಿ ಹತ್ತಿಯ ಮೇಲೆ ಇಟ್ಟ. ಕಂಪ್ಲೇಂಟಿನ ಹಾಳೆಯನ್ನು ಎರಡಾಗಿ, ನಾಲ್ಕಾಗಿ ಹರಿದ. ಬಾಗಿಲವರೆಗೆ ನಡೆದು ಹೋದ.

"ಮೌನೇಶ, ತಪ್ಪಾಯ್ತು. ಮನಸ್ಸಲ್ಲಿ ಇಟ್ಕೋಬೇಡ ಗುರು."

"ನಾ ಅವತ್ತೇ ಹೇಳಿದ್ನಲ್ರೀ ಸರ. ನಾ ಮುಟ್ಟಿಲ್ಲ ಅಂತ," ಎಂದ ಮೌನೇಶ.

ಯಲ್ಲವ್ವ ಎದ್ದು ಬಂದು ಕಲ್ಯಾಣಿಯ ಎರಡೂ ಕೈ ಹಿಡಿದುಕೊಂಡಳು. "ನನ್ನ ಹೊಟ್ಟಿ ತಣ್ಣಗಾತು ನೋಡವ್ವಾ. ಆ ಸಮುದ್ರದಾಗಿನ ಹುಳಕ್ಕ ಕಣ್ಣಿಲ್ಲ, ಬಾಯಿಲ್ಲ, ಆದ್ರೂ ನನ್ನ ಮಗನ ಸಲುವಾಗಿ ಸಾಕ್ಷಿ ಹೇಳೇತಿ." ಅಲ್ಲೇ ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಹಂಚತೊಡಗಿದಳು. ಬೇಡ ಎಂದವರಿಗೂ ಬಿಡಲಿಲ್ಲ. ಕಮಿಟಿಯವರೆಲ್ಲ ಕೈಯಲ್ಲಿ ರೊಟ್ಟಿ ಹಿಡಿದು ನಿಂತರು. ಯಾರೋ ಚಹಾ ತರಲು ಓಡಿದರು.

ಕಲ್ಯಾಣಿಗೆ ಕಣ್ಣು ಹನಿಗೂಡಿತು. ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು, ಆ ಪ್ರಶ್ನೆಯ ಕೆಳಗೆ ಬರೆದಿದ್ದ ಮೌನೇಶನ ಹೆಸರಿನ ಮೇಲೆ ನಿಧಾನವಾಗಿ, ನೆಟ್ಟಗೆ, ಒಂದು ಗೆರೆ ಎಳೆದಳು.

"ಹಾಗಾದ್ರೆ," ಎಂದ ಪ್ರಮೋದ್, ರೊಟ್ಟಿ ಮುರಿಯುತ್ತಾ, "2021ರಲ್ಲಿ ಕೀ ಯಾರ ಹತ್ರ ಇತ್ತು?"

ಪದ್ಧತಿಯಂತೆ ಬೀಗದಕೈ ಪೂರ್ಣಿಮೆಯಿಂದ ಪೂರ್ಣಿಮೆಗೆ ಮನೆ ಬದಲಿಸುತ್ತದೆ. ಆದರೆ ಆ ವರ್ಷ ಲಾಕ್‌ಡೌನ್. ವಿಹಾರ ತಿಂಗಳುಗಟ್ಟಲೆ ತೆರೆದಿರಲೇ ಇಲ್ಲ. ಎಲ್ಲರೂ ನೆನಪಿಗೆ ತಡಕಾಡಿದರು.

ಮೂಲೆಯ ಕುರ್ಚಿಯಿಂದ ಮಾರಯ್ಯನ ದನಿ ಬಂತು. ಮೃದುವಾಗಿ, ಹೇಳಲೋ ಬೇಡವೋ ಎಂಬಂತೆ.

"ಎರಡು ವರ್ಷ ಒಟ್ಟಿಗೆ ನಿಮ್ಮಪ್ಪನ ಹತ್ರಾನೇ ಇತ್ತಲ್ಲಪ್ಪ, ಪ್ರಮೋದ."

ಪ್ರಮೋದನ ಅಪ್ಪ ಹೋದ ವರ್ಷ ತೀರಿಕೊಂಡಿದ್ದರು. ರೊಟ್ಟಿಯ ಚೂರು ಮಗನ ಕೈಯಲ್ಲೇ ಉಳಿಯಿತು.

"ನಮ್ಮಪ್ಪನಾ?"

"ನಾನು ಹಾಗಂದೆನಾ? ಬೀಗದಕೈ ಇತ್ತು ಅಂದೆ ಅಷ್ಟೇ," ಎಂದರು ಮಾರಯ್ಯ. ಅವರ ಕಣ್ಣಿಂದ ನೀರು ಹರಿಯುತ್ತಿತ್ತು. ಮೌನೇಶ ಬಚಾವಾದನೆಂಬ ಸಮಾಧಾನದ ನೀರು ಅದು, ಅದರಲ್ಲಿ ಸುಳ್ಳಿರಲಿಲ್ಲ. ಹತ್ತು ದಿನ ಉಸಿರು ಕಟ್ಟಿಕೊಂಡಿದ್ದವರು ಈಗ ಬಿಟ್ಟ ಹಾಗಿತ್ತು. ಜುಬ್ಬದ ಒಳಜೇಬಿಗೆ ಕೈ ಹಾಕಿ, ಮಡಿಚಿಟ್ಟಿದ್ದ ಒಂದು ಬಟ್ಟೆ ತೆಗೆದು ಮುಖ ಒರೆಸಿಕೊಂಡರು.

ತೊಳೆದು ತೊಳೆದು ಮೆತ್ತಗಾದ ಬಿಳಿ ಬಟ್ಟೆ. ಮಡಿಕೆ ಬಿಚ್ಚಿಕೊಂಡು ಅಂಚು ಕೆಳಗೆ ಇಳಿಯಿತು.

ನೀಲಿ ದಾರದ ಒಂದು ಎಲೆ. ತುದಿ ಮೇಲಕ್ಕೆ ಬಾಗಿತ್ತು.

ಕಲ್ಯಾಣಿ ಗೋಡೆಯ ಫೋಟೋ ನೋಡಿದಳು. ಮತ್ತೆ ಬಟ್ಟೆ ನೋಡಿದಳು. ಮತ್ತೆ ಫೋಟೋ. ಎಲ್ಲಕ್ಕಿಂತ ಒಳಗಿದ್ದ, ಮೂರ್ತಿ ತೆಗೆದವರಿಗೆ ಮಾತ್ರ ಸಿಗಬಹುದಾಗಿದ್ದ, ಸಮುದ್ರದ ತಳದಲ್ಲಿ ಕೊಳೆತುಹೋಯಿತೆಂದು ತಾನು ಬರೆದುಕೊಂಡಿದ್ದ ಬಟ್ಟೆ, ನಾಲ್ಕು ಮಾರು ದೂರದಲ್ಲಿ, ತನ್ನನ್ನು ಈ ಕೆಲಸಕ್ಕೆ ಕರೆದವರ ಕೈಯಲ್ಲೇ ಇತ್ತು.

ಆ ಹುಡುಗ ಕದ್ದಿಲ್ಲಮ್ಮ. ನನಗೆ ಗೊತ್ತು.

ಅದು ನಂಬಿಕೆಯ ಮಾತಾಗಿರಲಿಲ್ಲ.

ಮಾರಯ್ಯ ಅವಳ ನೋಟ ಎಲ್ಲಿ ನೆಟ್ಟಿದೆ ಎಂದು ಕಂಡರು. ಬಚ್ಚಿಡಲಿಲ್ಲ. ಎಲೆ ಒಳಗೆ ಬರುವಂತೆ ಬಟ್ಟೆಯನ್ನು ನಿಧಾನವಾಗಿ ಮಡಿಚಿದರು, ಒಮ್ಮೆ, ಇನ್ನೊಮ್ಮೆ. ಮಡಿಚುತ್ತಾ ಅವಳನ್ನೇ ನೋಡಿದರು.

"ಮೇಡಂ," ಪ್ರಮೋದನ ಧ್ವನಿ ಒಡೆದಿತ್ತು. ಅವನು ಅವಳೆದುರು ಬಂದು ನಿಂತಿದ್ದ. ಹಿಂದೆ ಇಡೀ ಕಮಿಟಿ ನಿಂತಿತ್ತು. "ನಿಮ್ಮ ಚಿಪ್ಪು ಸುಳ್ಳು ಹೇಳಲ್ಲ ಅಲ್ವಾ. ಈಗ ನೀವೇ ಹೇಳ್ಬಿಡಿ. ನಮ್ಮಪ್ಪ ಕಳ್ಳನಾ?"